ಐಫೋನ್ ಫೋಟೊ ಅಂಗಡಿಯಲ್ಲಿ ತೆರೆಯುತ್ತಿಲ್ವಾ? ಮನೆ ಬಿಡುವ ಮುಂಚೆ ಜೆಪಿಜಿ ಮಾಡಿಕೊಳ್ಳಿ

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಅವರದೊಂದು ದೊಡ್ಡ ಫೋಟೊ ಮಾಡಿಸಿ ಕಟ್ಟು ಹಾಕಿಸಬೇಕಿತ್ತು. ಹಾಳೆಟೊಪ್ಪಿ ಹಾಕಿಕೊಂಡು ಅಡಿಕೆ ಹರವಿದ ಅಂಗಳದಲ್ಲಿ ನಗುತ್ತ ನಿಂತಿದ್ದ ಒಂದು ಚಿತ್ರ ತಂಗಿಯ ಐಫೋನಿನಲ್ಲಿತ್ತು, ಮನೆಯಲ್ಲಿ ಎಲ್ಲರಿಗೂ ಅದೇ ಇಷ್ಟ. ತಂಗಿ ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಪೆನ್‌ಡ್ರೈವಿಗೆ ಇಳಿಸಿಕೊಟ್ಟಳು. ನಾನು ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದೆ.

ಸ್ಟುಡಿಯೋದವರು ಎರಡು ಮೂರು ಸಲ ಒತ್ತಿ ನೋಡಿದರು. ತೆರೆಯಲಿಲ್ಲ. 'ಇದು ನಮ್ಮ ಸಿಸ್ಟಮಲ್ಲಿ ಓಪನ್ ಆಗಲ್ಲ ಸಾರ್, ಜೆಪಿಜಿ ಮಾಡಿಸಿ ತನ್ನಿ' ಅಂದರು. ಫೋನು 60 ಕಿಲೋಮೀಟರ್ ಆಚೆ ಊರಲ್ಲಿ. ಅಲ್ಲಿ ಎರಡು ದಿನದಿಂದ ಕರೆಂಟಿಲ್ಲ, ಕರೆಂಟಿಲ್ಲದ ಮೇಲೆ ಟವರೂ ಇಲ್ಲ. ವಾಪಸ್ ಹೋಗಿ ಮಾರನೇ ದಿನ ಮತ್ತೆ ಬಂದೆ. ಮನೆಯಲ್ಲೇ ಎರಡು ನಿಮಿಷದಲ್ಲಿ ಆಗುವ ಕೆಲಸ ಅದು ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ನೆಟ್ ಕೂಡ ಬೇಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಏನಿದು ಹೆಚ್‌ಇಐಸಿ?

ಫೋಟೊದ ಹೆಸರಿನ ಕೊನೆಯಲ್ಲಿ ಒಂದು ಚುಕ್ಕಿ, ಆಮೇಲೆ ಮೂರು ನಾಲ್ಕು ಅಕ್ಷರ ಇರುತ್ತಲ್ಲ, ಅದನ್ನು ನೋಡಿ. ಜೆಪಿಜಿ ಅಂತ ಇದ್ದರೆ ಚಿಂತೆಯೇ ಇಲ್ಲ. ಜೆಪಿಜಿ, ಜೆಪಿಇಜಿ ಎರಡೂ ಒಂದೇ, 1992ರಿಂದ ಇರುವ ವಿಧಾನ, ಅದನ್ನು ತೆರೆಯದ ಕಂಪ್ಯೂಟರ್ ಇಲ್ಲ ಅಂತಲೇ ಹೇಳಬಹುದು. ಹೆಚ್‌ಇಐಸಿ ಅಂತ ಇದ್ದರೆ ಅದು ಹೊಸದು. 2017ರಲ್ಲಿ ಐಫೋನನ್ನು ನಡೆಸುವ ತಂತ್ರಾಂಶ ಐಓಎಸ್ 11 ಬಂದಾಗಿನಿಂದ ಐಫೋನ್ 7 ಮತ್ತು ಆಮೇಲಿನ ಫೋನುಗಳು ಫೋಟೊಗಳನ್ನು ಹೀಗೇ ಉಳಿಸುತ್ತವೆ. ಕಾರಣ ಒಳ್ಳೆಯದೇ: ಅದೇ ಫೋಟೊ ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರುತ್ತದೆ, ಬಣ್ಣವೂ ಚೆನ್ನಾಗಿ ಉಳಿಯುತ್ತದೆ. ತೊಂದರೆ ಏನೆಂದರೆ ಹಳೆಯ ವಿಂಡೋಸ್ ಇರುವ ಕಂಪ್ಯೂಟರಿಗೂ, ಎಷ್ಟೋ ಅರ್ಜಿ ತುಂಬುವ ವೆಬ್‌ಸೈಟುಗಳಿಗೂ ಇದು ಅರ್ಥವಾಗುವುದಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೆಸರಿನಲ್ಲಿ ಹೆಚ್‌ಇಐಸಿ ಅಳಿಸಿ ಜೆಪಿಜಿ ಅಂತ ಬರೆದರೆ ಆಗುವುದಿಲ್ಲ. ಡಬ್ಬಿಯ ಮೇಲಿನ ಚೀಟಿ ಬದಲಾಗುತ್ತದೆ, ಒಳಗಿರುವುದು ಅದೇ.

ಫೋನಿನಲ್ಲೇ ಮಾಡುವ ದಾರಿ

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದು, ಯಾಕೆಂದರೆ ಕಂಪ್ಯೂಟರೂ ಬೇಡ, ನೆಟ್ಟೂ ಬೇಡ. ಐಓಎಸ್ 16 ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು.

ಮೊದಲು ಫೋಟೊಸ್ ಆ್ಯಪಿನಲ್ಲಿ ಬೇಕಾದ ಚಿತ್ರಗಳನ್ನು ಆರಿಸಿ, ಶೇರ್ ಗುರುತು ಒತ್ತಿ, 'ಸೇವ್ ಟು ಫೈಲ್ಸ್' ಕೊಡಿ. 'ಆನ್ ಮೈ ಐಫೋನ್' ಒಳಗೆ ಒಂದು ಫೋಲ್ಡರ್ ಮಾಡಿ ಅಲ್ಲಿ ಉಳಿಸಿ. ಈಗ ಫೈಲ್ಸ್ ಆ್ಯಪ್ ತೆರೆದು ಆ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬರುವ ಪಟ್ಟಿಯಲ್ಲಿ 'ಕ್ವಿಕ್ ಆಕ್ಷನ್ಸ್', ಅದರೊಳಗೆ 'ಕನ್ವರ್ಟ್ ಇಮೇಜ್'. ಜೆಪಿಇಜಿ ಆರಿಸಿ. ಅಳತೆ ಕೇಳುತ್ತದೆ. ಪ್ರಿಂಟ್ ಹಾಕಿಸುವುದಾದರೆ ಕಡ್ಡಾಯವಾಗಿ 'ಆ್ಯಕ್ಚುಯಲ್ ಸೈಜ್', ಚಿಕ್ಕದು ಆರಿಸಿದರೆ ಕಟ್ಟು ಹಾಕಿಸುವಷ್ಟು ದೊಡ್ಡದು ಮಾಡಿದಾಗ ಮುಖ ಮಸುಕಾಗುತ್ತದೆ. ಹೊಸ ಜೆಪಿಇಜಿ ಪಕ್ಕದಲ್ಲೇ ಬಂದು ಕೂರುತ್ತದೆ, ಹಳೆಯದು ಹಾಗೇ ಇರುತ್ತದೆ.

ಫೋಟೊಗಳನ್ನು ಐಕ್ಲೌಡಿನಲ್ಲಿ ಇಡುವವರು ಮಾತ್ರ ಸ್ವಲ್ಪ ಎಚ್ಚರ. ಫೋನಿನ ಜಾಗ ಉಳಿಸಲು 'ಆಪ್ಟಿಮೈಸ್' ಆಯ್ಕೆ ಹಾಕಿದ್ದರೆ ಪೂರ್ತಿ ಅಳತೆಯ ಫೋಟೊ ಫೋನಿನಲ್ಲಿ ಇಲ್ಲದೆ ಇರಬಹುದು, ಅದನ್ನು ಇಳಿಸಿಕೊಳ್ಳಲು ನೆಟ್ ಬೇಕು. ಆಗುಂಬೆ, ಹೊಸನಗರದ ಕಡೆ ಊರಿಗೆ ಹೊರಡುವವರು ಬೇಕಾದ ಚಿತ್ರಗಳನ್ನು ಪೇಟೆಯಲ್ಲಿದ್ದಾಗಲೇ ಒಮ್ಮೆ ತೆರೆದು, ಫೈಲ್ಸಿಗೆ ಹಾಕಿಟ್ಟುಕೊಳ್ಳಿ.

ಕಂಪ್ಯೂಟರಿದ್ದರೆ

ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ 'ಹೀಫ್ ಇಮೇಜ್ ಎಕ್ಸ್‌ಟೆನ್ಷನ್ಸ್' ಹಾಕಿಕೊಳ್ಳಿ, ಅದು ಉಚಿತ. ಕೆಲವು ಕಂಪ್ಯೂಟರುಗಳಲ್ಲಿ ಇದರ ಜೊತೆ 'ಹೆಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಷನ್ಸ್' ಕೂಡ ಬೇಕಾಗುತ್ತದೆ, ಅದಕ್ಕೆ ಸ್ವಲ್ಪ ದುಡ್ಡು ಕೊಡಬೇಕು. ಆಮೇಲೆ ಚಿತ್ರವನ್ನು ಫೋಟೊಸಿನಲ್ಲಿ ತೆರೆದು 'ಸೇವ್ ಆ್ಯಸ್' ಕೊಟ್ಟು ಜೆಪಿಜಿ ಆರಿಸಿದರೆ ಆಯಿತು. ಮ್ಯಾಕ್ ಇರುವವರಿಗೆ ಇನ್ನೂ ಸುಲಭ: ಅದರ ತಂತ್ರಾಂಶ ಮಾಂಟೆರೆ ಅಥವಾ ಆಮೇಲಿನದಾದರೆ ಫೈಂಡರಿನಲ್ಲಿ ಎಷ್ಟು ಬೇಕೋ ಅಷ್ಟು ಚಿತ್ರ ಒಟ್ಟಿಗೆ ಆರಿಸಿ, ರೈಟ್ ಕ್ಲಿಕ್, ಕ್ವಿಕ್ ಆಕ್ಷನ್ಸ್, ಕನ್ವರ್ಟ್ ಇಮೇಜ್.

ಕೇಬಲ್ ಹಾಕಿ ವಿಂಡೋಸಿಗೆ ನೇರ ಇಳಿಸಿಕೊಳ್ಳುವವರು ಐಫೋನಿನ ಸೆಟ್ಟಿಂಗ್ಸಿನಲ್ಲಿ ಫೋಟೊಸ್ (ಐಓಎಸ್ 18ರಿಂದ ಇದು 'ಆ್ಯಪ್ಸ್' ಒಳಗಿದೆ) ತೆರೆದು ಕೆಳಗೆ ನೋಡಿ. 'ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ' ಅಂತ ಇದೆ. 'ಆಟೊಮ್ಯಾಟಿಕ್' ಇದ್ದರೆ ಇಳಿಯುವಾಗಲೇ ಜೆಪಿಜಿ ಆಗುತ್ತದೆ, 'ಕೀಪ್ ಒರಿಜಿನಲ್ಸ್' ಇದ್ದರೆ ಹೆಚ್‌ಇಐಸಿ ಆಗಿಯೇ ಇಳಿಯುತ್ತದೆ. ನಮ್ಮ ತಂಗಿಯ ಫೋನಿನಲ್ಲಿ ಎರಡನೆಯದು ಇತ್ತು, ಅವಳ ಲ್ಯಾಪ್‌ಟಾಪಿನಲ್ಲಿ ಚಿತ್ರ ತೆರೆಯುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಮುಂದೆ ತೆಗೆಯುವ ಫೋಟೊಗಳಿಗೆ

ಪದೇ ಪದೇ ಬದಲಾಯಿಸುವ ತಾಪತ್ರಯ ಬೇಡವೆಂದರೆ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿಬಿಡಿ. ಇನ್ನು ತೆಗೆಯುವ ಫೋಟೊ ಜೆಪಿಜಿ ಆಗಿರುತ್ತದೆ. ಹಳೆಯವು ಬದಲಾಗುವುದಿಲ್ಲ, ಜಾಗ ಜಾಸ್ತಿ ಹಿಡಿಯುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲೂ ಕ್ಯಾಮೆರಾ ಸೆಟ್ಟಿಂಗ್ಸಿನಲ್ಲಿ 'ಹೈ ಎಫಿಷಿಯೆನ್ಸಿ ಪಿಕ್ಚರ್ಸ್' ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಅಡಿಕೆ ಎಲೆಚುಕ್ಕೆ ರೋಗದ ಫೋಟೊ ತೆಗೆದು ತೋಟಗಾರಿಕೆ ಇಲಾಖೆಯವರಿಗೆ ಕಳಿಸುವ ನಮ್ಮೂರಿನವರಿಗೆ ನಾನು ಇದನ್ನೇ ಮಾಡಿಕೊಟ್ಟಿದ್ದೇನೆ.

ಸುಮ್ನೆ ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಆಗಲ್ವಾ ಅಂತ ಕೇಳಬಹುದು. ಕಳಿಸಿದರೆ ಜೆಪಿಜಿ ಆಗುತ್ತದೆ, ನಿಜ, ಆದರೆ ಚಿತ್ರವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಮೊಬೈಲಿನಲ್ಲಿ ನೋಡಲು ಸಾಕು, ಗೋಡೆಗೆ ಹಾಕುವ ಫೋಟೊಕ್ಕೆ ಸಾಲದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪೂರ್ತಿ ಚಿತ್ರ ಹೋಗುತ್ತದೆ, ಆದರೆ ಹೆಚ್‌ಇಐಸಿ ಇದ್ದದ್ದು ಹೆಚ್‌ಇಐಸಿಯಾಗಿಯೇ ಹೋಗುತ್ತದೆ. ಹಾಗಾಗಿ ಮೊದಲು ಬದಲಾಯಿಸಿ, ಆಮೇಲೆ ಡಾಕ್ಯುಮೆಂಟ್ ಆಗಿ ಕಳಿಸಿ.

ಉಚಿತವಾಗಿ ಬದಲಾಯಿಸಿಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಹೂವಿನ ಫೋಟೊ, ಜೋಗದ ಫೋಟೊ ಆದರೆ ಅಡ್ಡಿಯಿಲ್ಲ. ಆಧಾರ್, ಪಹಣಿ, ಪಾಸ್‌ಬುಕ್, ಮಕ್ಕಳ ಫೋಟೊ ಮಾತ್ರ ದಯವಿಟ್ಟು ಅಲ್ಲಿಗೆ ಹಾಕಬೇಡಿ. ನಿಮ್ಮ ಚಿತ್ರ ಬೇರೆ ಯಾರದೋ ಕಂಪ್ಯೂಟರಿಗೆ ಹೋಗಿ ಬರುತ್ತದೆ, ಅಲ್ಲಿ ಉಳಿಯಿತೋ ಅಳಿಯಿತೋ ತಿಳಿಯುವ ದಾರಿ ನಮಗಿಲ್ಲ.

ಬದಲಾಯಿಸಿದ ಮೇಲೂ ಮೂಲ ಹೆಚ್‌ಇಐಸಿ ಚಿತ್ರವನ್ನು ಅಳಿಸಬೇಡಿ. ಜೆಪಿಜಿಯನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಗುಣಮಟ್ಟ ಚೂರು ಚೂರೇ ಹೋಗುತ್ತದೆ. ಲೈವ್ ಫೋಟೊ ಆಗಿದ್ದರೆ ಅದರ ಮೂರು ಸೆಕೆಂಡಿನ ಚಲನೆ, ದನಿ ಜೆಪಿಜಿಯಲ್ಲಿ ಬರುವುದಿಲ್ಲ. ದೊಡ್ಡಪ್ಪನ ಆ ಚಿತ್ರ ಲೈವ್ ಫೋಟೊ. ತಂಗಿಯ ಫೋನಿನಲ್ಲಿ ಅದನ್ನು ಒತ್ತಿ ಹಿಡಿದರೆ ಈಗಲೂ ಅವರು 'ಆಯ್ತೇನೆ?' ಅಂತ ಕೇಳುತ್ತಾರೆ.