ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕಿಳಿಯುವುದು ಹೇಗೆ?

ಹೋದ ವರ್ಷ ಶೇಂಗಾ ಕೀಳುವ ಹೊತ್ತಿನಲ್ಲಿ ಪಕ್ಕದ ಹೊಲದ ಅಕ್ಕನ ಒಂದು ಬೆಂಡೋಲೆ ಕಳೆದುಹೋಯಿತು. ಮನೆಮಂದಿಯೆಲ್ಲ ಮೂರು ದಿನ ಕೈಯಲ್ಲೇ ಮಣ್ಣು ಜಾಲಾಡಿದರು. ಸಿಗಲಿಲ್ಲ. ನಾಲ್ಕನೇ ದಿನ ಸಂಜೆ ನಮ್ಮ ಬಾಗಿಲಿಗೆ ಬಂದು, “ತಮ್ಮಾ, ನಿನ್ನ ಕಡೆ ಅದೇನೋ ಕುಂಯ್ ಅನ್ನೋ ಮಷೀನ್ ಐತಂತಲ್ಲ, ಒಂದೀಟು ಹಿಡಿದು ನೋಡಪ್ಪ” ಅಂದರು.

ಮರುದಿನ ಬಿಸಿಲೇರುವ ಮುಂಚೆ ಶುರು ಮಾಡಿದೆ. ಮೊದಲು ಸಿಕ್ಕಿದ್ದು ಮಾತ್ರೆ ಪಟ್ಟಿಯ ಚೂರು. ಎರಡನೆಯದೂ ಅದೇ. ಆಮೇಲೆ ಟ್ರ್ಯಾಕ್ಟರಿನ ಒಂದು ನಟ್ಟು, ಮತ್ತೆ ಮಾತ್ರೆ ಪಟ್ಟಿ. ಹೀಗೆ ಹದಿನೇಳು ಸಲ ಬಗ್ಗಿ ಎದ್ದೆ. ಕೊನೆಗೆ ಸಾಲು ಬಿಟ್ಟು, ಕಿತ್ತ ಬಳ್ಳಿ ಒಟ್ಟಿದ್ದ ಜಾಗಕ್ಕೆ ಹೋದೆ. ಅಲ್ಲಿ ಸಣ್ಣ ಸದ್ದು ಬಂತು, ಆದರೆ ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಒಂದೇ ಥರ. ಅಗೆಯುವುದೇ ಬೇಕಾಗಲಿಲ್ಲ. ಬಳ್ಳಿಯ ಬೇರಿಗೆ ಕಚ್ಚಿಕೊಂಡಿದ್ದ ಹೆಂಟೆ ಒಡೆದರೆ ಒಳಗೆ ಬೆಂಡೋಲೆ. ತಿರುಪು ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಈ ಹವ್ಯಾಸದ ಬಗ್ಗೆ ಗೊತ್ತಾದವರು ಮೊದಲು ಕೇಳುವುದು “ನಿಧಿ ಏನಾದ್ರೂ ಸಿಕ್ತಾ?” ಅಂತ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಈ ಪ್ರಶ್ನೆ ಸಹಜ. ಆನೆಗೊಂದಿ, ಕಂಪ್ಲಿ, ಮುದಗಲ್, ಮಸ್ಕಿ ಅಂತ ಎಲ್ಲಿ ಕಾಲಿಟ್ಟರೂ ಹಳೆಯ ನೆಲ. ಅದೇ ಕಾರಣಕ್ಕೆ ಇಲ್ಲಿ ಯಂತ್ರ ಹಿಡಿಯುವವರು ಬೇರೆ ಕಡೆಗಿಂತ ಜಾಸ್ತಿ ಎಚ್ಚರ ಇರಬೇಕು. ನಾನು ಬಿಡದೆ ಪಾಲಿಸುವ ನಿಯಮ ಒಂದೇ: ಒಂದು ಗೇಣು. ನೇಗಿಲು ಹೋದಷ್ಟೇ ಆಳ, ಅದರ ಕೆಳಗೆ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಜಾಗ, ಆಮೇಲೆ ಯಂತ್ರ

ಕೋಟೆ, ಗುಡಿ, ಮಠ, ದರ್ಗಾ, ಬೃಂದಾವನ, ವೀರಗಲ್ಲು, ಶಾಸನ ಇರುವ ಕಡೆ ಯಂತ್ರ ಒಯ್ಯಲೇಬೇಡಿ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಕಲ್ಲುಮನೆಗಳಂಥ (ಬಹಳ ಹಳೆ ಕಾಲದ ಸಮಾಧಿಗಳು) ಜಾಗಕ್ಕೂ ಬೇಡ. ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಅದಕ್ಕೆ 2010ರಲ್ಲಿ ತಿದ್ದುಪಡಿಯಾಗಿ, ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಗೊತ್ತುಮಾಡಿದ್ದಾರೆ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಬೇರೆ ಇದೆ. ನನ್ನ ಲೆಕ್ಕ ಸರಳ: ಮುನ್ನೂರು ಮೀಟರ್ ಒಳಗೆ ಯಂತ್ರ ಚೀಲದಿಂದ ಹೊರಗೆ ಬರಬಾರದು.

2019ರ ಜುಲೈ ತಿಂಗಳು ಈ ಭಾಗದವರಿಗೆ ನೆನಪಿರಬೇಕು. ಆನೆಗೊಂದಿ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಯ ಆಸೆಗೆ ಕೆಡವಿದರು. ಭಕ್ತರು ಸೇರಿ ಕೂಡಲೇ ಮತ್ತೆ ಕಟ್ಟಿದರು. ಆದರೂ ಆ ಫೋಟೊ ನೆನಪಾದರೆ ನನಗೆ ಈಗಲೂ ಹೊಟ್ಟೆ ತೊಳಸುತ್ತದೆ. ನಿಧಿ ತೋರಿಸುತ್ತೇನೆ, ಅಮಾವಾಸ್ಯೆಗೆ ಪೂಜೆ ಮಾಡಿಸಿ ಅಂತ ದುಡ್ಡು ಕೇಳುವವರು ಬಂದರೆ ಮಾತೇ ಬೇಡ, 112ಕ್ಕೆ ಫೋನ್ ಮಾಡಿ.

ಹಾಗಾದರೆ ಎಲ್ಲಿ ಹಿಡಿಯಬೇಕು? ನಿಮ್ಮದೇ ಹೊಲ, ನೆಂಟರ ಹೊಲ, ಹಳೆ ಕಣ, ಎತ್ತಿನ ಗಾಡಿ ನಿಲ್ಲುತ್ತಿದ್ದ ಬೇವಿನ ಮರದ ಕೆಳಗೆ. ಸಂತೆ ಬಯಲು, ಜಾತ್ರೆ ಬಯಲು ಪಂಚಾಯಿತಿಯದ್ದಾದರೆ ಪಂಚಾಯಿತಿ ಒಪ್ಪಿಗೆ ಬೇಕು. ಬೇರೆಯವರ ಹೊಲಕ್ಕೆ ಹೋಗುವ ಮುಂಚೆ, “ಗೌಡ್ರ, ಬಿತ್ತೋಕ್ಕಿಂತ ಮುಂಚೆ ಒಂದೆರಡು ದಿನ ನೋಡ್ತೀನ್ರಿ, ಏನು ಸಿಕ್ಕರೂ ನಿಮ್ಮ ಕಣ್ಣ ಮುಂದೇ ಇಡ್ತೀನ್ರಿ” ಅಂತ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹಗಲು ಹೊತ್ತಿನಲ್ಲೇ ಹೋಗಿ. ಸಂಜೆ ಬ್ಯಾಟರಿ ಹಿಡಿದು ಹೊಲದಲ್ಲಿ ಓಡಾಡಿದರೆ ಊರವರು ನಿಧಿಗಳ್ಳರು ಅಂದುಕೊಳ್ಳುವುದು ಸರಿಯೇ.

ಒಂದು ಮಾತು ಮುಖ್ಯ. ಬಳ್ಳಾರಿ ಸೀಮೆಯಲ್ಲಿ ಕುಡತಿನಿಯಂಥ ಕಡೆ ಬೂದಿ ದಿಬ್ಬಗಳಿವೆ. ಸಾವಿರಾರು ವರ್ಷದ ಹಿಂದೆ ದನ ಸಾಕುತ್ತಿದ್ದವರು ಸಗಣಿ ಸುಟ್ಟ ಬೂದಿ ಅದು. ಸಂಗನಕಲ್ಲು, ತೆಕ್ಕಲಕೋಟೆಯಲ್ಲಿ ಅಂಥ ಜನರ ವಸತಿಯೇ ಸಿಕ್ಕಿದೆ. ನಿಮ್ಮ ಸ್ವಂತ ಹೊಲದಲ್ಲೇ ಬೂದಿ ಬಣ್ಣದ ಮಣ್ಣು, ಕರಿ-ಕೆಂಪು ಮಡಕೆಯ ಬೋಕಿ, ಮಣಿ, ನುಣ್ಣಗೆ ಉಜ್ಜಿದ ಕಲ್ಲಿನ ಕೊಡಲಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಹಳೆ ಊರು. ಪುರಾತತ್ವ ಇಲಾಖೆಗೆ ತಿಳಿಸಿ.

ಯಂತ್ರ ಏನು ಮಾಡುತ್ತದೆ

ಕೋಲಿನ ತುದಿಯ ತಟ್ಟೆಯಲ್ಲಿ ತಂತಿಯ ಎರಡು ಸುರುಳಿ ಇರುತ್ತವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅದು ಮಣ್ಣಿನಲ್ಲಿರುವ ಲೋಹಕ್ಕೆ ತಾಗಿದರೆ ಲೋಹದೊಳಗೆ ಸಣ್ಣ ಕರೆಂಟು ಸುತ್ತುತ್ತದೆ. ಆ ಕರೆಂಟು ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಎರಡನೇ ಸುರುಳಿ ಅದನ್ನು ಹಿಡಿಯುತ್ತದೆ. ಉತ್ತರ ಎಷ್ಟು ತಡವಾಗಿ ಬಂತು ಅನ್ನುವುದರ ಮೇಲೆ ಯಂತ್ರ ಒಂದು ಅಂಕಿ ತೋರಿಸುತ್ತದೆ. ಸಾಮಾನ್ಯವಾಗಿ ಕಬ್ಬಿಣಕ್ಕೆ ಕಡಿಮೆ ಅಂಕಿ, ತಾಮ್ರ ಮತ್ತು ಬೆಳ್ಳಿಗೆ ದೊಡ್ಡ ಅಂಕಿ. ಸಣ್ಣ ಬಂಗಾರ ಮತ್ತು ಅಲ್ಯುಮಿನಿಯಂ ಹಾಳೆ ಎರಡೂ ನಡುವೆ ಒಂದೇ ಕಡೆ ಬೀಳುತ್ತವೆ. ಬೆಂಡೋಲೆಗಾಗಿ ಹದಿನೇಳು ಸಲ ಬಗ್ಗಿದ್ದು ಅದಕ್ಕೇ. ಮಾತ್ರೆ ಪಟ್ಟಿ ಬೇಡ ಅಂತ ಬಿಟ್ಟರೆ ಬಂಗಾರವನ್ನೂ ಬಿಟ್ಟ ಹಾಗೆ.

ಕೊಳ್ಳುವಾಗ ನೋಡಬೇಕಾದ್ದು ಮೂರು. ಮಣ್ಣಿಗೆ ಹೊಂದಿಸುವ ಗ್ರೌಂಡ್ ಬ್ಯಾಲೆನ್ಸ್ ಇರಬೇಕು. ಅಂಕಿ ತೋರಿಸುವ ಪರದೆ ಇರಬೇಕು. ಹೆಡ್‌ಫೋನ್ ಹಾಕಲು ಜಾಗ ಇರಬೇಕು. ನೂರು ಮೀಟರ್ ದೂರದ ಬಂಗಾರ ತೋರಿಸುತ್ತೇನೆ ಅನ್ನುವ ಆಂಟೆನಾ ಕಡ್ಡಿಗಳ ಯಂತ್ರ ಮೋಸ. ನಿಜವಾದ ಯಂತ್ರಕ್ಕೆ ಒಂದು ರೂಪಾಯಿ ನಾಣ್ಯ ಕೇಳಿಸುವುದು ಒಂದು ಗೇಣಿನ ಆಸುಪಾಸಿನಲ್ಲಿ ಮಾತ್ರ.

ಮಣ್ಣಿಗೆ ಹೊಂದಿಸುವುದು

ಬೇರೆ ಊರಿನವರು ಹೇಳಿದ ಸೆಟ್ಟಿಂಗ್ ನಮ್ಮಲ್ಲಿ ನಡೆಯುವುದಿಲ್ಲ. ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳು ಹತ್ತಿರ. ಆ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶ ಜಾಸ್ತಿ. ಅದಿರು ಲಾರಿ ಓಡಾಡಿದ ರಸ್ತೆ ಪಕ್ಕದ ಹೊಲದಲ್ಲಂತೂ ಯಂತ್ರ ಸುಮ್ನೆ ಕೂಗುತ್ತಲೇ ಇರುತ್ತದೆ. ಹಾಗಾಗಿ ಪ್ರತಿ ಹೊಲದಲ್ಲೂ ಮೊದಲು ಮಣ್ಣಿಗೆ ಹೊಂದಿಸಬೇಕು.

ಲೋಹ ಇಲ್ಲದ ಒಂದು ಜಾಗ ಹುಡುಕಿ. ತಟ್ಟೆಯನ್ನು ನೆಲದಿಂದ ಎರಡು ಬೆರಳು ಎತ್ತರದಿಂದ ಒಂದು ಗೇಣಿನವರೆಗೆ ಮೇಲೆ ಕೆಳಗೆ ಆಡಿಸಿ. ನೆಲ ಹತ್ತಿರ ಬಂದಾಗ ಸದ್ದು ಏರುವುದೂ ಬೇಡ, ಇಳಿಯುವುದೂ ಬೇಡ, ಸಮ ಆಗುವವರೆಗೆ ಗುಂಡಿ ತಿರುಗಿಸಿ. ಕೆಲವು ಯಂತ್ರಗಳು ತಾವೇ ಮಾಡಿಕೊಳ್ಳುತ್ತವೆ. ಆದರೂ ಸದ್ದು ನಿಲ್ಲದಿದ್ದರೆ ಸೂಕ್ಷ್ಮತೆ ಇಳಿಸಿ. ಜೋರಾಗಿ ಇಟ್ಟರೆ ಆಳ ಸಿಗುತ್ತದೆ ಅನ್ನುವುದು ಹೊಸಬರ ತಪ್ಪು. ನಮ್ಮ ಕೆಂಪು ಮಣ್ಣಿನಲ್ಲಿ ಸೂಕ್ಷ್ಮತೆ ಇಳಿಸಿದಾಗಲೇ ನಾಣ್ಯ ಸ್ಪಷ್ಟವಾಗಿ ಕೇಳಿಸುತ್ತದೆ.

ಎರೆ, ಅಂದರೆ ಕಪ್ಪು ಮಣ್ಣಿನ ಹೊಲದ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಎರೆ ಭೂಮಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಅಲ್ವಾ? ಮೇಲಿನ ಮಣ್ಣು, ಸಣ್ಣ ಸಾಮಾನು ಆ ಬಿರುಕಿನಲ್ಲಿ ಕೆಳಗೆ ಬೀಳುತ್ತವೆ. ಮಳೆ ಬಂದಾಗ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ವರ್ಷ ವರ್ಷ ಹೀಗೇ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಹಾಗಾಗಿ ಎರೆಯಲ್ಲಿ ಕಳೆದುಹೋದ ಒಡವೆಯನ್ನು ಅದೇ ವರ್ಷ ಹುಡುಕುವುದು ಒಳ್ಳೆಯದು. ಸರಿಯಾದ ಕಾಲ ಅಂದರೆ ಒಂದು ಹದವಾದ ಮಳೆ ಬಿದ್ದು, ಕುಂಟೆ ಹೊಡೆದು, ಜೋಳ ಬಿತ್ತುವ ಮುಂಚಿನ ದಿನಗಳು. ಮಣ್ಣಿನಲ್ಲಿ ಪಸೆ ಇದ್ದರೆ ಅಗೆಯುವುದು ಸುಲಭ. ಮಸಾರಿಯಲ್ಲಾದರೆ ಶೇಂಗಾ ಕಿತ್ತ ಮೇಲೆ.

ಮನೆ ಹಿತ್ತಲಲ್ಲಿ ಒಂದು ಪುಟ್ಟ ಮಡಿ ಮಾಡಿ. ಒಂದು ರೂಪಾಯಿ ನಾಣ್ಯ, ಹಳೆ ತಾಮ್ರದ ಕಾಸು, ಬೆಳ್ಳಿ ಕಾಲುಂಗುರ, ಮೊಳೆ, ಬಾಟಲಿ ಮುಚ್ಚಳ ಇವನ್ನು 5, 10, 15 ಸೆಂಟಿಮೀಟರ್ ಆಳದಲ್ಲಿ ಹೂತು, ಕಡ್ಡಿ ನೆಟ್ಟು ಗುರುತು ಹಾಕಿ. ಒಂದು ವಾರ ದಿನಾ ಅರ್ಧ ತಾಸು ಅದರ ಮೇಲೆ ಬೀಸಿ. ಹೊಲದಲ್ಲಿ ತಿಂಗಳು ತಿರುಗಿದರೂ ಬಾರದ ಕಿವಿ ಇಲ್ಲಿ ಬರುತ್ತದೆ. ಈಗಿನ ಒಂದು, ಎರಡು ರೂಪಾಯಿ ನಾಣ್ಯ ಸ್ಟೀಲಿನವು, ಅಯಸ್ಕಾಂತಕ್ಕೆ ಅಂಟುತ್ತವೆ. ಕಬ್ಬಿಣ ಬಿಟ್ಟುಬಿಡು ಅಂತ ಯಂತ್ರಕ್ಕೆ ಹೇಳಿದರೆ ಇವೂ ತಪ್ಪಿಹೋಗಬಹುದು. ಅದೂ ಈ ಮಡಿಯಲ್ಲೇ ಗೊತ್ತಾಗುತ್ತದೆ.

ಬೀಸುವುದು, ಅಗೆಯುವುದು

ತಟ್ಟೆ ನೆಲಕ್ಕೆ ಸಮವಾಗಿ, ಎರಡು ಬೆರಳು ಮೇಲಿರಲಿ. ಬೀಸುವಾಗ ತುದಿಯಲ್ಲಿ ಮೇಲೇಳಬಾರದು. ನಿಧಾನ ನಡೆಯಿರಿ. ಒಂದು ಬೀಸು ಹಿಂದಿನ ಬೀಸಿನ ಅರ್ಧ ಜಾಗವನ್ನು ಮತ್ತೆ ಮುಟ್ಟಬೇಕು. ಪಂಪ್‌ಸೆಟ್ ತಂತಿ, ಟ್ರಾನ್ಸ್‌ಫಾರ್ಮರ್ ಹತ್ತಿರ ಸುಳ್ಳು ಸದ್ದು ಬರುತ್ತದೆ. ಮೊಬೈಲ್ ಸ್ವಿಚ್ ಆಫ್ ಮಾಡಿ. ಕೈಗಡಗ, ಉಂಗುರ ತೆಗೆದಿಡಿ.

ಸದ್ದು ಬಂದರೆ ಅದೇ ಜಾಗವನ್ನು ಅಡ್ಡಡ್ಡ ಬೀಸಿ, ಆಮೇಲೆ ಉದ್ದುದ್ದ ಬೀಸಿ. ಎರಡು ಗೆರೆ ಕೂಡಿದಲ್ಲಿ ವಸ್ತು ಇದೆ. ಒಂದು ಕಡೆಯಿಂದ ಕೂಗಿ ಇನ್ನೊಂದು ಕಡೆಯಿಂದ ಮುರಿದರೆ ಹೆಚ್ಚಾಗಿ ತುಕ್ಕು ಹಿಡಿದ ಮೊಳೆ, ಇಲ್ಲವೇ ಎತ್ತಿನ ಲಾಳ. ಅಗೆಯಲು ಗುದ್ದಲಿ ಬೇಡ, ಕುರ್ಪಿ ಸಾಕು. ವಸ್ತುವಿನ ಪಕ್ಕದಿಂದ ಅಗೆಯಿರಿ, ಮೇಲಿಂದ ಚುಚ್ಚಿದರೆ ನಾಣ್ಯಕ್ಕೆ ಗಾಯ ಆಗುತ್ತದೆ. ಮಣ್ಣನ್ನು ಗೋಣಿ ತಾಟಿನ ಮೇಲೆ ಹಾಕಿ, ಕೆಲಸ ಆದ ಮೇಲೆ ಗುಂಡಿ ಮುಚ್ಚಿ ಕಾಲಲ್ಲಿ ಒತ್ತಿ. ಮುಚ್ಚದ ಗುಂಡಿಯಲ್ಲಿ ಎತ್ತಿನ ಕಾಲು ಸಿಕ್ಕರೆ ಆ ರೈತ ಇನ್ನೊಬ್ಬರಿಗೂ ಹೊಲ ಬಿಡುವುದಿಲ್ಲ. ಸಿಕ್ಕ ಮೊಳೆ, ಗಾಜು ನಿಮ್ಮ ಚೀಲದಲ್ಲೇ ಹೋಗಲಿ.

ಗ್ರಾನೈಟ್ ಕ್ವಾರಿ, ಗಣಿ ಹತ್ತಿರದ ಹೊಲದಲ್ಲಿ ಇನ್ನೊಂದು ಭಯ ಇದೆ. ಬೆರಳುದ್ದದ ಲೋಹದ ಕೊಳವೆ, ಅದಕ್ಕೆ ಎರಡು ವೈರು ಕಂಡರೆ ಅದು ಸ್ಫೋಟಕ್ಕೆ ಬಳಸುವ ಕೇಪು ಇರಬಹುದು. ಮುಟ್ಟಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ.

ಈಗ ಗೇಣಿನ ಮಾತು. ನೇಗಿಲು ಹೋದ ಮಣ್ಣು ಆಗಲೇ ಕಲಸಿಹೋಗಿದೆ. ಅಲ್ಲಿನ ವಸ್ತು ತನ್ನ ಮೂಲ ಜಾಗದಲ್ಲಿಲ್ಲ. ಅದರ ಕೆಳಗಿನ ಪದರ ಹಾಗಲ್ಲ. ಯಾವ ಬೋಕಿಯ ಪಕ್ಕ ಯಾವ ನಾಣ್ಯ ಇತ್ತು ಅನ್ನುವುದರಿಂದಲೇ ಬಲ್ಲವರು ಕಾಲ ಹೇಳುತ್ತಾರೆ. ನಾವು ಕುರ್ಪಿ ಹಾಕಿದರೆ ಆ ಲೆಕ್ಕ ಅಳಿಸಿಹೋಯಿತು, ಮತ್ತೆ ಬರೆಯಲು ಆಗುವುದಿಲ್ಲ. ಹಾಗಾಗಿ ಗೇಣಿನ ಕೆಳಗೆ ಸದ್ದು ಎಷ್ಟೇ ಚೆನ್ನಾಗಿ ಬಂದರೂ ಮಣ್ಣು ಮುಚ್ಚಿ ಮುಂದೆ ಹೋಗಿ. ಕಷ್ಟ, ನಿಜ. ನಾನು ಎರಡು ಸಲ ಹಾಗೆ ಎದ್ದು ಬಂದಿದ್ದೇನೆ.

ಸಿಕ್ಕ ಮೇಲೆ

ನಮ್ಮ ರಾಜ್ಯದಲ್ಲಿ 1962ರ ನಿಧಿ ನಿಕ್ಷೇಪ ಕಾಯ್ದೆ ಇದೆ. ಮಣ್ಣಿನಲ್ಲಿ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಏನು, ಎಷ್ಟು, ಎಲ್ಲಿ, ಯಾವ ದಿನ ಅಂತ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಗಡಿಗೆ, ನಾಣ್ಯದ ಗಂಟು, ಮೂರ್ತಿ ಕಂಡರೆ ಎತ್ತಲೇಬೇಡಿ. ಜಾಗದಲ್ಲೇ ಬಿಟ್ಟು ಫೋಟೊ ತೆಗೆದು, ಹೊಲದವರನ್ನು ನಿಲ್ಲಿಸಿ, ತಹಶೀಲ್ದಾರರಿಗೋ ಪೊಲೀಸರಿಗೋ ಫೋನ್ ಮಾಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತಿಲ್ಲ.

ನಾಣ್ಯವನ್ನು ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ತಿಕ್ಕಬೇಡಿ. ತಾಮ್ರದ ಮೇಲಿನ ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತದೆ. ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ, ಒಣಗಿಸಿ, ಕಾಗದದ ಕವರಿನಲ್ಲಿಡಿ.

ಆ ಕವರಿನ ಮೇಲೆ ಜಾಗ ಬರೆಯುವುದನ್ನು ಮರೆಯಬೇಡಿ. ನಮ್ಮ ಸೀಮೆಯಲ್ಲಿ ಜಾಗವೇ ಅರ್ಧ ಕಥೆ ಹೇಳುತ್ತದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಲ್ಲಿನ ಕಣದಲ್ಲಿ ಸಿಗುವುದು ಬ್ರಿಟಿಷರ ಕಾಲಾಣೆ, 1943ರಿಂದ ಬಂದ ತೂತಿನ ಕಾಸು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿದ್ದವು. ಅಲ್ಲಿ ನಡೆಯುತ್ತಿದ್ದುದು ನಿಜಾಮರದೇ ನಾಣ್ಯ, ಹಾಲಿ ಸಿಕ್ಕಾ. ನಿಜಾಮರ ಕಾಸು ತುಂಗಭದ್ರಾ ಹೊಳೆಯ ಈಚೆ, ಬಳ್ಳಾರಿ ಕಡೆ ಸಿಕ್ಕರೆ ಯಾರೋ ಸಂತೆಗೋ ಜಾತ್ರೆಗೋ ಹೊಳೆ ದಾಟಿ ಬಂದಿದ್ದರು ಅಂತ ಊಹಿಸಬಹುದು. ಜಾಗ ಬರೆಯದಿದ್ದರೆ ಅದು ಬರೀ ಒಂದು ಹಳೆ ಕಾಸು.

ಮಸ್ಕಿಯ ಬಂಡೆ ನೆನೆಯಿರಿ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅಲ್ಲಿನ ಶಾಸನವನ್ನು ಬೆಳಕಿಗೆ ತಂದರು. ಅಲ್ಲಿಯವರೆಗೆ ಸಿಕ್ಕಿದ್ದ ಅಶೋಕನ ಶಾಸನಗಳಲ್ಲಿ ರಾಜನ ಬಗ್ಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಅಶೋಕ ಅನ್ನುವ ಹೆಸರು ಮೊದಲು ಓದಿದ್ದು ನಮ್ಮ ರಾಯಚೂರು ಜಿಲ್ಲೆಯ ಆ ಬಂಡೆಯ ಮೇಲೆ. ಬಂಡೆ ಇವತ್ತಿಗೂ ಅಲ್ಲೇ ಇದೆ.

ನನ್ನ ಪೆಟ್ಟಿಗೆಯ ಒಂದು ಕವರಿನ ಮೇಲೆ ಹೀಗಿದೆ: “ತೂತಿನ ಕಾಸು, 1944. ಹಳೆ ಕಣ, ಬೇವಿನ ಮರದಿಂದ ಮೂಡಣಕ್ಕೆ ಹನ್ನೆರಡು ಹೆಜ್ಜೆ. ಆಳ ನಾಲ್ಕು ಬೆರಳು. ಪಕ್ಕದಲ್ಲಿ ಮುರಿದ ಗೆಜ್ಜೆ ಒಂದು. ಹೊಲದವರಿಗೆ ತೋರಿಸಿದೆ.”