ಮಣ್ಣಿನಡಿಯ ನೀರಿನ ಪೈಪು ಹೆಪ್ಪುಗಟ್ಟಿದರೆ ಏನು ಮಾಡಬೇಕು?

ಬೆಳಗ್ಗೆ ಎದ್ದು ನಲ್ಲಿ ತಿರುಗಿಸುತ್ತೀರಿ. ಅದು ಎರಡು ಸಲ ಕೆಮ್ಮುತ್ತದೆ, ನಾಲ್ಕು ಹನಿ ಉದುರಿಸುತ್ತದೆ, ಆಮೇಲೆ ಏನೂ ಇಲ್ಲ. ಹೊರಗೆ ಕೊರೆಯುವ ಚಳಿ. ಎಲ್ಲರಿಗೂ ಮೊದಲು ಹೊಳೆಯುವುದು ಬಿಸಿ ಮಾಡೋಣ ಅಂತ. ಸ್ವಲ್ಪ ತಾಳಿ. ಎಲ್ಲಿ ಗಟ್ಟಿಯಾಗಿದೆ ಅಂತ ಗೊತ್ತಿಲ್ಲದೆ ಎಲ್ಲಿ ಅಂತ ಬಿಸಿ ಮಾಡುತ್ತೀರಿ?

ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ಬಿಟ್ಟು ನೋಡಿ. ಒಂದರಲ್ಲಿ ಮಾತ್ರ ನೀರಿಲ್ಲ ಅಂದರೆ ತೊಂದರೆ ಮನೆಯೊಳಗಿನ ಯಾವುದೋ ಗೋಡೆಯಲ್ಲಿದೆ. ಎಲ್ಲೂ ಇಲ್ಲ ಅಂದರೆ ಪಕ್ಕದ ಮನೆಯವರನ್ನು ಕೇಳಿ. ಅವರಿಗೂ ಬರುತ್ತಿಲ್ಲವಾದರೆ ಅದು ರಸ್ತೆಯ ಲೈನಿನ ತೊಂದರೆ, ನೀರು ಬಿಡುವವರಿಗೆ ಫೋನ್ ಮಾಡಿ. ಸ್ವಂತ ಬೋರ್‌ವೆಲ್ ಇದ್ದರೆ ಮೊದಲು ಪಂಪ್ ಆಫ್ ಮಾಡಿ, ನೀರಿಲ್ಲದೆ ಓಡಿದರೆ ಮೋಟಾರ್ ಸುಟ್ಟು ಹೋಗುತ್ತದೆ. ನೀರಿನ ಒತ್ತಡ ನೋಡಿ ಪಂಪನ್ನು ಆನ್-ಆಫ್ ಮಾಡುವ ಪ್ರೆಶರ್ ಸ್ವಿಚ್ಚಿನ ಕೆಳಗೆ ಬೆರಳಿಗಿಂತ ಸಣ್ಣ ಪೈಪಿನ ತುಂಡೊಂದು ಇರುತ್ತದೆ, ನೋಡಿ. ಬಹಳ ಸಲ ಹೆಪ್ಪುಗಟ್ಟಿರುವುದು ಅದೊಂದೇ! ಅಷ್ಟನ್ನು ಬೆಚ್ಚಗೆ ಮಾಡಿದರೆ ಪಂಪ್ ಮತ್ತೆ ಸರಿಯಾಗಿ ಓಡುತ್ತದೆ.

ಬಿಸಿ ಮಾಡುವ ಮೊದಲು ಇನ್ನೊಂದು ಕೆಲಸ. ಮೇನ್ ವಾಲ್ವ್ ಎಲ್ಲಿದೆ, ಅದು ಕೈಯಲ್ಲಿ ತಿರುಗುತ್ತದಾ ಅಂತ ನೋಡಿಕೊಳ್ಳಿ. ನೀರು ಗಟ್ಟಿಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಐಸಿಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ಹೋಗಲು ಜಾಗವಿಲ್ಲದೆ ಒತ್ತಡ ಏರಿ ಪೈಪು ಸೀಳುತ್ತದೆ. ಆದರೆ ಆ ಸೀಳು ಆಗ ಗೊತ್ತಾಗುವುದಿಲ್ಲ, ಐಸೇ ಅದಕ್ಕೆ ಬಿರಡೆ ಹಾಕಿರುತ್ತದೆ. ಕರಗಿದ ಮೇಲೆ ನೀರು ಚಿಮ್ಮುತ್ತದೆ. ಹಾಗಾಗಿ ಒಂದು ನಲ್ಲಿ ತೆರೆದೇ ಇರಲಿ, ವಾಲ್ವ್ ಹತ್ತಿರ ಒಬ್ಬರು ನಿಂತಿರಲಿ.

ಈಗ ಪೈಪು ಮನೆಯೊಳಗೆ ಬರುವ ಜಾಗಕ್ಕೆ ಹೋಗಿ. ಮಣ್ಣಿನಡಿಯ ಲೈನು ಅಂದ ಕೂಡಲೇ ಅಂಗಳದ ನಡುವೆ ಎಲ್ಲೋ ಗಟ್ಟಿಯಾಗಿದೆ ಅಂದುಕೊಳ್ಳುತ್ತೇವೆ. ಆದರೆ ಎಷ್ಟೋ ಸಲ ಅದು ಪಾಯದ ಗೋಡೆ ದಾಟುವ ಕಡೆಯೇ ಆಗಿರುತ್ತದೆ, ಯಾಕೆಂದರೆ ಅಲ್ಲಿನ ಸಂದಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಪೈಪಿನ ಮೇಲೆ ಬೆಳ್ಳಗೆ, ಒರಟಾಗಿ, ಉಪ್ಪು ಉದುರಿಸಿದ ಹಾಗೆ ಕಂಡರೆ ಅಲ್ಲೇ ಹೇರ್ ಡ್ರೈಯರ್ ಹಿಡಿಯಿರಿ. ನಲ್ಲಿಯ ಕಡೆಯಿಂದ ಶುರು ಮಾಡಿ ನಿಧಾನವಾಗಿ ಗೋಡೆಯ ಕಡೆಗೆ ಸರಿಸುತ್ತಾ ಹೋಗಿ, ಕರಗಿದ ನೀರು ಹೊರಗೆ ಬರಲು ದಾರಿ ಇರಬೇಕಲ್ವಾ. ಕೈ ಒಣಗಿರಲಿ, ಕಾಲಡಿ ನೀರು ನಿಂತಿರಬಾರದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿದರೂ ಆಗುತ್ತದೆ. ಗ್ಯಾಸ್ ಟಾರ್ಚ್, ಬೆಂಕಿ ಮಾತ್ರ ಬೇಡವೇ ಬೇಡ. ಮನೆಯ ಮರದ ಭಾಗಗಳಿಗೆ ಬೆಂಕಿ ಹತ್ತಬಹುದು, ಒಳಗೆ ಆವಿ ತುಂಬಿ ಪೈಪೇ ಸಿಡಿಯಬಹುದು.

ಇಷ್ಟಕ್ಕೂ ಬಗ್ಗದಿದ್ದರೆ ಐಸ್ ಮಣ್ಣಿನ ಕೆಳಗಿದೆ. ಒಂದು ಸಲ ನಾನು ಪೈಪಿನ ಮೇಲಿನ ನೆಲಕ್ಕೆ ಕುದಿಯುವ ನೀರು ಸುರಿದಿದ್ದೆ, ಒಂದಲ್ಲ, ಹತ್ತು ಪಾತ್ರೆ. ಬಿಸಿ ಒಂದು ಗೇಣೂ ಕೆಳಗಿಳಿಯಲಿಲ್ಲ, ಸಂಜೆಗೆ ಬಾಗಿಲ ಮುಂದೆ ಕಾಲು ಜಾರುವ ಐಸ್ ಆಗಿತ್ತು ಅಷ್ಟೇ. ಅಗೆಯುವುದೂ ಬೇಡ. ನೆಲ ಕಲ್ಲಾಗಿರುತ್ತದೆ, ಅದೇ ದಾರಿಯಲ್ಲಿ ಕರೆಂಟ್, ಗ್ಯಾಸ್ ಲೈನೂ ಇರಬಹುದು. ಪ್ಲಂಬರನ್ನು ಕರೆಯಿರಿ.

ಕರೆಯುವಾಗ ಪೈಪು ಯಾವುದು ಅಂತ ಹೇಳಿದರೆ ಅವರಿಗೆ ಅನುಕೂಲ. ಅಯಸ್ಕಾಂತ ಅಂಟಿದರೆ ಕಬ್ಬಿಣ, ಕೆರೆದಾಗ ಕೆಂಪಗೆ ಹೊಳೆದರೆ ತಾಮ್ರ, ಪ್ಲಾಸ್ಟಿಕ್ ನೋಡಿದರೇ ಗೊತ್ತಾಗುತ್ತದೆ. ಪೈಪಿನೊಳಗೆ ತೆಳ್ಳನೆ ಕೊಳವೆ ತೂರಿಸಿ ಬಿಸಿನೀರು ಬಿಡುತ್ತಾ ಐಸ್ ಕರಗಿಸುವ ಯಂತ್ರಗಳಿವೆ, ಪ್ಲಾಸ್ಟಿಕ್ಕಿಗೆ ಅದೇ ದಾರಿ. ಲೋಹದ ಪೈಪಿಗೆ ವೆಲ್ಡಿಂಗ್ ಮೆಷಿನ್ನಿನಿಂದ ಕರೆಂಟ್ ಹಾಯಿಸುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ಕರೆಂಟ್ ದಾರಿ ತಪ್ಪಿ ಮನೆಯ ವೈರಿಂಗಿಗೆ ಹೋದರೆ ಬೆಂಕಿ ಬೀಳಬಹುದು. ಬಿಸಿನೀರಿನ ವಿಧಾನ ಆಗುತ್ತದಾ ಅಂತ ಮೊದಲು ಕೇಳಿ.

ನೀರು ಬಂತು! ಈಗ ನಲ್ಲಿ ಮುಚ್ಚಬೇಡಿ, ಜಾಸ್ತಿ ಜನ ಎಡವುವುದು ಇಲ್ಲೇ. ಪೈಪಿನ ಸುತ್ತಲಿನ ಮಣ್ಣು ಇನ್ನೂ ಹೆಪ್ಪುಗಟ್ಟಿಯೇ ಇದೆ, ನೀರು ನಿಂತರೆ ಕೆಲವೇ ಗಂಟೆಯಲ್ಲಿ ಮತ್ತೆ ಅದೇ ಕಥೆ. ಒಂದು ನಲ್ಲಿಯಲ್ಲಿ ಪೆನ್ಸಿಲ್ ದಪ್ಪದ ಧಾರೆ ಹಗಲೂ ರಾತ್ರಿ ಹರಿಯಲಿ. ಹನಿ ಹನಿಯಾಗಿ ಬಿಟ್ಟರೆ ಅದು ಹೊರಗೆ ಹೋಗುವ ಮೋರಿ ಪೈಪಿನಲ್ಲೇ ಗಟ್ಟಿಯಾಗಿ ಇನ್ನೊಂದು ತಲೆನೋವು. ಬಿಸಿಲು ಬಂತು ಅಂತ ನಿಲ್ಲಿಸಲೂಬೇಡಿ. ಮೇಲೆ ಚಳಿ ಕಡಿಮೆಯಾದ ಮೇಲೂ ನೆಲದೊಳಗಿನ ಚಳಿ ಕೆಲವು ದಿನ ಕೆಳಕ್ಕೆ ಇಳಿಯುತ್ತಲೇ ಇರುತ್ತದೆ, ಅದಕ್ಕೇ ಚಳಿಗಾಲದ ಕೊನೆಯಲ್ಲೂ ಲೈನುಗಳು ಕಟ್ಟಿಕೊಳ್ಳುತ್ತವೆ. ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಲೋಟದಲ್ಲಿ ಹಿಡಿದು ಥರ್ಮಾಮೀಟರ್ ಇಡಿ. 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಧಾರೆ ಹರಿಯುತ್ತಲೇ ಇರಲಿ. ಮುಂದಿನ ವರ್ಷ ಹೆಪ್ಪುಗಟ್ಟುವ ಮೊದಲೇ ಎಚ್ಚರಿಕೆ ಕೊಡುವುದೂ ಇದೇ ಲೋಟ.

ಬೇಸಿಗೆಯಲ್ಲಿ ಪೈಪನ್ನು ಇನ್ನೂ ಆಳಕ್ಕೆ ಇಳಿಸಲು ಆದರೆ ಅದೇ ಸರಿಯಾದ ಪರಿಹಾರ. ಆಗದಿದ್ದರೆ ಮಣ್ಣು ತೆಗೆದು ಪೈಪಿನ ಮೇಲೆ, ಎರಡೂ ಬದಿಗೆ ಅಗಲವಾಗಿ, ನೀರು ಹೀರದ ಗಟ್ಟಿ ಫೋಮ್ ಹಲಗೆ ಹಾಸಿ ಮುಚ್ಚಿ. ಗೋಡೆಯ ಸಂದು ತುಂಬಿಸಿ. ತೋಟದ ನಲ್ಲಿಯ ಲೈನನ್ನು ಚಳಿಗೆ ಮೊದಲು ಮುಚ್ಚಿ ಖಾಲಿ ಮಾಡಿ. ಹಿಮ ಬೀಳುವ ಮುಂಚೆ ಪೈಪು ಹೋಗುವ ದಾರಿಯುದ್ದಕ್ಕೂ ಕೋಲು ನೆಟ್ಟು ಗುರುತು ಮಾಡಿ, ಅಲ್ಲಿ ಬಿದ್ದ ಹಿಮವನ್ನು ಬಾಚಬೇಡಿ, ತುಳಿಯಲೂಬೇಡಿ. ಸಡಿಲ ಹಿಮ ನೆಲಕ್ಕೆ ಕಂಬಳಿ ಇದ್ದ ಹಾಗೆ. ಗಾಡಿ ಓಡಾಡಲು ಹಿಮ ತೆಗೆದ ಜಾಗದಲ್ಲೇ ಚಳಿ ಎಲ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ, ಪೈಪು ಅದರಡಿ ಹಾದುಹೋಗಿದ್ದರೆ ಫೋಮ್ ಮೊದಲು ಅಲ್ಲಿಗೆ ಹಾಕಿಸಿ.