ಕನ್ಸರ್ವೆನ್ಸಿ ಗೋಡೆ: 1:35 ಅಳತೆಯ ಇಟ್ಟಿಗೆಗೆ ನಾನು ಬಣ್ಣ ಹಾಕಿದ್ದು ಹೀಗೆ

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತದೆ. ಅದಕ್ಕೆ ನಾವು ಕನ್ಸರ್ವೆನ್ಸಿ ಅಂತೀವಿ. ಮಲ್ಲೇಶ್ವರ, ಬಸವನಗುಡಿ ಎರಡರಲ್ಲೂ ಇವೆ. 1898ರ ಪ್ಲೇಗ್‌ನ ಆಸುಪಾಸಿನಲ್ಲಿ ಬೆಳೆದ ಬಡಾವಣೆಗಳು ಇವು. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಶುಚಿ ಮಾಡುವವರು ಮನೆ ಮುಂದೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಬಿಟ್ಟ ದಾರಿ ಅದು. ನನ್ನ ಡಯೋರಮಾಗೆ, ಅಂದರೆ ನಿಜದ ಜಾಗವನ್ನು 35 ಪಟ್ಟು ಚಿಕ್ಕದಾಗಿ (1:35) ತೋರಿಸುವ ಪುಟ್ಟ ಮಾದರಿಗೆ, ನಾನು ಆರಿಸಿಕೊಂಡದ್ದು ಇಂಥ ಓಣಿಯ ಕಾಂಪೌಂಡ್ ಗೋಡೆಯನ್ನೇ. ಮುಂದಿನ ಗೋಡೆಗೆ ಮನೆಯವರು ಹಬ್ಬಕ್ಕೋ ಮದುವೆಗೋ ಬಣ್ಣ ಹೊಡೆಸುತ್ತಾರೆ. ಹಿಂದಿನದು ಯಾರಿಗೂ ಬೇಡ. ಪ್ಲಾಸ್ಟರ್ ಉದುರಿದ್ದು, ಉಪ್ಪು ಬಿಟ್ಟಿದ್ದು, ತೇಪೆ ಹಾಕಿದ್ದು ಎಲ್ಲ ಹಾಗೇ ಉಳಿದಿರುತ್ತದೆ.

ಬಣ್ಣಕ್ಕೆ ಮುಂಚೆ ಅಳತೆ ನೋಡಿಬಿಡೋಣ. ಹಳೇ ಲೆಕ್ಕದ ಇಟ್ಟಿಗೆ ಒಂಬತ್ತು ಇಂಚು ಉದ್ದ, ನಾಲ್ಕೂವರೆ ಅಗಲ, ಮೂರು ದಪ್ಪ. ಇದು ಬಾಯಿಮಾತಿನ ಅಂದಾಜು. ಇಟ್ಟಿಗೆಯನ್ನೇ ಅಳೆದರೆ ಸುಮಾರು 230, 110, 70 ಮಿಲಿಮೀಟರ್. ಇದನ್ನು 35ರಿಂದ ಭಾಗಿಸಿದರೆ ಉದ್ದ ಆರೂವರೆ ಮಿಲಿಮೀಟರ್, ಅಗಲ ಮೂರಕ್ಕಿಂತ ತುಸು ಜಾಸ್ತಿ, ದಪ್ಪ ಎರಡು. ಇಪ್ಪತ್ತು ಸೆಂಟಿಮೀಟರ್ ಉದ್ದ, ಏಳು ಸೆಂಟಿಮೀಟರ್ ಎತ್ತರದ ಗೋಡೆ ಅಂದರೆ ನಿಜದಲ್ಲಿ ಏಳು ಮೀಟರ್ ಉದ್ದ, ಎಂಟು ಅಡಿ ಎತ್ತರ. ಅದರ ಮುಖದ ಮೇಲೆ ಮೂವತ್ತು ಸಾಲು, ಹತ್ತಿರ ಹತ್ತಿರ 1300 ಇಟ್ಟಿಗೆ ಕಾಣುತ್ತವೆ. ಇಷ್ಟನ್ನೂ ಒಂದೊಂದಾಗಿ ಕತ್ತರಿಸಿ ಅಂಟಿಸುವ ಪುಣ್ಯಾತ್ಮರಿದ್ದಾರೆ. ನಾನು ಫೋಮ್ ಹಾಳೆಯ ಮೇಲೆ ಸಂದು ಗೀರುವವನು.

ಇಷ್ಟೊಂದು ಇಟ್ಟಿಗೆ ಯಾಕೆ ಅಂದರೆ ಇದು ಒಂಬತ್ತು ಇಂಚು ದಪ್ಪದ ಗೋಡೆ. ಆಟಿಕೆ ಗೋಡೆಗಳಲ್ಲಿ, ಅಂಗಡಿಯಲ್ಲಿ ಸಿಗುವ ಎಷ್ಟೋ ಅಚ್ಚಿನ ಹಾಳೆಗಳಲ್ಲಿ ಎಲ್ಲ ಇಟ್ಟಿಗೆಯೂ ಉದ್ದಕ್ಕೇ ಮಲಗಿರುತ್ತದೆ. ನಾಲ್ಕೂವರೆ ಇಂಚಿನ ಗೋಡೆಗೆ ಅದು ಸರಿ. ಒಂಬತ್ತು ಇಂಚಿನದಕ್ಕೆ ಹಾಗೆ ಕಟ್ಟಿದರೆ ಹಿಂದಿನ ಪದರಕ್ಕೂ ಮುಂದಿನ ಪದರಕ್ಕೂ ಹಿಡಿತವೇ ಇರುವುದಿಲ್ಲ, ಗೋಡೆ ಎರಡಾಗಿ ಬಿರಿಯುತ್ತದೆ. ಅದಕ್ಕೇ ಮೇಸ್ತ್ರಿ ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಇಡುತ್ತಾನೆ. ಅಡ್ಡ ಸಾಲಿನಲ್ಲಿ ಇಟ್ಟಿಗೆಯ ಗಿಡ್ಡ ತುದಿ ಮಾತ್ರ ಕಾಣುತ್ತದೆ. ಇಂಗ್ಲಿಷ್ ಬಾಂಡ್ ಅನ್ನುವುದು ಇದನ್ನೇ. ಮೂಲೆಯಲ್ಲಿ ಇನ್ನೊಂದು ಗಮನಿಸಿ: ಒಂದು ಮುಖದಲ್ಲಿ ಉದ್ದ ಸಾಲಾಗಿದ್ದದ್ದು ತಿರುಗಿದ ಕೂಡಲೇ ಇನ್ನೊಂದು ಮುಖದಲ್ಲಿ ಅಡ್ಡ ಸಾಲಾಗುತ್ತದೆ. ಅಡ್ಡ ಸಾಲಿನಲ್ಲಿ ಮೂಲೆ ಇಟ್ಟಿಗೆಯ ಪಕ್ಕ ಉದ್ದುದ್ದ ಸೀಳಿದ ಒಂದು ತುಂಡು ಇರುತ್ತದೆ. ಆ ತುಂಡು ಇಲ್ಲದಿದ್ದರೆ ಮೇಲಿನ ಸಂದು ಕೆಳಗಿನ ಸಂದಿನ ಮೇಲೇ ಬಂದು ಕೂರುತ್ತದೆ. ಮನೆ ಕಟ್ಟಿಸಿದವರು ಯಾರಾದರೂ ನಿಮ್ಮ ಡಯೋರಮಾ ನೋಡಲು ಬಂದರೆ ಮೊದಲು ಬೆರಳು ಇಡುವುದು ಅಲ್ಲಿಗೇ.

ಗೀರಲು ನಾನು ಬಳಸುವುದು ಸ್ಟೇಷನರಿ ಅಂಗಡಿಯ ಐದು ಮಿಲಿಮೀಟರ್ ಫೋಮ್ ಬೋರ್ಡ್. ಒಂದು ಬದಿಯ ಕಾಗದವನ್ನು ಒದ್ದೆ ಮಾಡಿ ಸುಲಿದರೆ ಒಳಗಿನ ನುಣುಪಾದ ಫೋಮ್ ಸಿಗುತ್ತದೆ. ಥರ್ಮಾಕೋಲ್ ಬೇಡ, ಅದರ ಗುಂಡುಗಳು ಕಿತ್ತು ಬರುತ್ತವೆ. ಸೀಸ ಒಳಗೆಳೆದ 0.5 ಪೆನ್ ಪೆನ್ಸಿಲ್‌ನ ತುದಿಯಲ್ಲಿ ಸ್ಟೀಲ್ ಸ್ಕೇಲ್ ಹಿಡಿದು ಗೀರುತ್ತೇನೆ. ಅರ್ಧ ಮಿಲಿಮೀಟರ್ ಸಂದು ಅಂದರೆ ನಿಜದಲ್ಲಿ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ. ಸುಣ್ಣದ ಗಾರೆಯ ಹಳೇ ಗೋಡೆಗೆ ಇದು ಒಪ್ಪುತ್ತದೆ. ದಪ್ಪ ಬಾಲ್ ಪೆನ್ನಿನಲ್ಲಿ ಗೀರಿದರೆ ಸಂದು ಇಂಚು ದಾಟಿಬಿಡುತ್ತದೆ. ಆಮೇಲೆ ಅಲ್ಯೂಮಿನಿಯಂ ಫಾಯಿಲ್ಲನ್ನು ಉಂಡೆ ಮಾಡಿ ಮೆತ್ತಗೆ ಒತ್ತಿದರೆ ಇಟ್ಟಿಗೆ ಮುಖ ಒರಟಾಗುತ್ತದೆ. ಅಲ್ಲೊಂದು ಇಲ್ಲೊಂದು ಇಟ್ಟಿಗೆಯನ್ನು ಕಟ್ಟರ್ ತುದಿಯಲ್ಲಿ ಮುಕ್ಕು ಮಾಡಿದರೆ ಗೀರುವ ಕೆಲಸ ಮುಗಿಯಿತು.

ಮೊದಲ ಕೋಟು ಫೆವಿಕಾಲ್, ಕಂದು ಅಕ್ರಿಲಿಕ್, ನೀರು ಮೂರನ್ನೂ ಬೆರೆಸಿದ್ದು. ಫೋಮ್ ಗಟ್ಟಿಯಾಗುತ್ತದೆ, ಉಗುರು ತಾಕಿದರೆ ಗುಳಿ ಬೀಳುವುದಿಲ್ಲ. ಸ್ಪ್ರೇ ಕ್ಯಾನ್ ಮಾತ್ರ ಈ ಹಂತದಲ್ಲಿ ಹತ್ತಿರ ತರಬೇಡಿ. ಅದರಲ್ಲಿನ ದ್ರಾವಕ ಫೋಮನ್ನು ತಿಂದುಹಾಕುತ್ತದೆ.

ಇನ್ನು ಇಟ್ಟಿಗೆಯ ಬಣ್ಣ. ಬ್ರಷ್ ಹಿಡಿಯುವ ಮೊದಲು ಇಟ್ಟಿಗೆ ಗೂಡನ್ನು ನೆನಪಿಸಿಕೊಳ್ಳಬೇಕು. ಮಾಲೂರಿನ ಕಡೆ ಹೋದವರು ಗೂಡು ನೋಡಿಯೇ ಇರುತ್ತೀರಿ. ಹಸಿ ಇಟ್ಟಿಗೆ ಪೇರಿಸಿ, ಕೆಳಗಿನ ಸುರಂಗದಂಥ ಬಾಯಲ್ಲಿ ಸೌದೆ ಉರಿಸುತ್ತಾರೆ. ಬೆಂಕಿಗೆ ಹತ್ತಿರ ಇದ್ದವು ಜಾಸ್ತಿ ಬೆಂದು ಕಪ್ಪು, ನೇರಳೆ ಆಗುತ್ತವೆ. ಹೊರಗಿನ ಸಾಲಿನವು ಅರೆಬೆಂದು ಪೇಲವ ಕಿತ್ತಳೆಯಾಗಿ ಉಳಿಯುತ್ತವೆ. ನಡುವಿನವು ನಮಗೆಲ್ಲ ಗೊತ್ತಿರುವ ಕೆಂಪು. ಮಣ್ಣಿನೊಳಗಿನ ಕಬ್ಬಿಣಕ್ಕೆ ಉರಿಯ ಜೊತೆ ಗಾಳಿಯೂ ಚೆನ್ನಾಗಿ ಸಿಕ್ಕರೆ ಆ ಕೆಂಪು ಬರುತ್ತದೆ. ಹಾಗಾಗಿ ನನ್ನ ಪ್ಯಾಲೆಟ್‌ನಲ್ಲಿ ಇರುವುದು ಒಂದೇ ಗೂಡಿನಿಂದ ಬಂದ ಬಣ್ಣಗಳು. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಮೂಲ. ಅರೆಬೆಂದದ್ದಕ್ಕೆ ಅದರಲ್ಲೇ ಯೆಲ್ಲೋ ಓಕರ್ (ಮಣ್ಣು ಹಳದಿ), ಚೂರು ಬಿಳಿ. ಜಾಸ್ತಿ ಬೆಂದದ್ದಕ್ಕೆ ಇಂಡಿಯನ್ ರೆಡ್‌ಗೆ ಅಲ್ಟ್ರಾಮರೀನ್ ನೀಲಿ. ಕಪ್ಪು ಟ್ಯೂಬ್ ಮುಚ್ಚಳ ತೆಗೆಯುವುದೇ ಇಲ್ಲ. ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ಸೇರಿದರೆ ಬರುವ ಕಪ್ಪಿಗೆ ಜೀವ ಇರುತ್ತದೆ. ದುಬಾರಿ ಮಾಡೆಲ್ ಬಣ್ಣವೇ ಬೇಕು ಅಂತೇನಿಲ್ಲ. ಕ್ಯಾಮೆಲ್ ಅಕ್ರಿಲಿಕ್ ಟ್ಯೂಬುಗಳಲ್ಲೇ ನನ್ನ ಕೆಲಸ ನಡೆಯುತ್ತದೆ.

ಮೂಲ ಬಣ್ಣವನ್ನು ಇಡೀ ಗೋಡೆಗೆ ಒಂದೇ ಸಮ ಹಚ್ಚುವುದಿಲ್ಲ. ಎರಡು ಮೂರು ಛಾಯೆ ಒದ್ದೆಯಿರುವಾಗಲೇ ಒಂದರೊಳಗೊಂದು ಸೇರುವ ಹಾಗೆ ಬಿಡುತ್ತೇನೆ. ಒಣಗಿದ ಮೇಲೆ ಬಿಡಿ ಇಟ್ಟಿಗೆಗಳನ್ನು ಆರಿಸಿ ಬಣ್ಣ ಕೊಡುವುದು. ಎರಡು ಮಿಲಿಮೀಟರ್ ಚಪ್ಪಟೆ ಬ್ರಷ್ಷು, ನೀರಾದ ಬಣ್ಣ, ಬ್ರಷ್ಷನ್ನು ಟಿಶ್ಯೂ ಮೇಲೆ ಒಮ್ಮೆ ಒರೆಸಿ ಮುಟ್ಟಿಸಿದರೆ ಸಾಕು. ಹತ್ತರಲ್ಲಿ ಆರು ಇಟ್ಟಿಗೆ ಮೂಲ ಬಣ್ಣದಲ್ಲೇ ಉಳಿಯಬೇಕು. ಎರಡು ಮೂರು ತುಸು ತಿಳಿ. ಗಾಢವಾದದ್ದು ಒಂದೇ ಒಂದು, ಅದೂ ಎಲ್ಲ ಹತ್ತರಲ್ಲೂ ಬೇಡ. ನಮ್ಮ ಕೈಗೆ ಒಂದು ಕೆಟ್ಟ ಚಾಳಿ ಇದೆ, ಎಲ್ಲವನ್ನೂ ಸಮ ದೂರದಲ್ಲಿ ಹಂಚುತ್ತದೆ. ನಿಜವಾದ ಗೋಡೆಯಲ್ಲಿ ಹಾಗಿರುವುದಿಲ್ಲ. ಲಾರಿಯಿಂದ ಇಳಿಸಿದ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಇಡುತ್ತಾ ಹೋದ ಮೇಸ್ತ್ರಿಯ ಗೋಡೆಯಲ್ಲಿ ಕಪ್ಪು ಇಟ್ಟಿಗೆ ಮೂರು ಒಟ್ಟಿಗೇ ಇರುತ್ತವೆ, ಆಮೇಲೆ ಬಹಳ ದೂರದವರೆಗೆ ಒಂದೂ ಇರುವುದಿಲ್ಲ. ನಾನು ಬೇಕಂತಲೇ ಅಕ್ಕಪಕ್ಕದ ಎರಡು ಮೂರಕ್ಕೆ ಒಂದೇ ಬಣ್ಣ ಕೊಡುತ್ತೇನೆ.

ಬಣ್ಣ ಎಷ್ಟು ಗಾಢ ಇರಬೇಕು ಅನ್ನುವುದರಲ್ಲಿ ವಾದ ಇದೆ. ನನ್ನ ಲೆಕ್ಕ ಇಷ್ಟೇ. ಡಯೋರಮಾವನ್ನು ನಾವು ಒಂದಡಿ ದೂರದಿಂದ ನೋಡುತ್ತೇವೆ. 1:35ರಲ್ಲಿ ಅದು ಹತ್ತು ಮೀಟರ್ ದಾಟುತ್ತದೆ. ಅಷ್ಟು ದೂರದಿಂದ ನಿಜವಾದ ಗೋಡೆ ನೋಡಿ. ಕೆಂಪು ಮಂಕಾಗಿರುತ್ತದೆ, ಇಟ್ಟಿಗೆ ಇಟ್ಟಿಗೆಗೂ ನಡುವಿನ ವ್ಯತ್ಯಾಸ ಕಡಿಮೆ. ಆದ್ದರಿಂದ ನಿಜವಾದ ಇಟ್ಟಿಗೆ ಚೂರನ್ನು ಪಕ್ಕದಲ್ಲಿಟ್ಟು ಅದೇ ಬಣ್ಣ ಕಲೆಸಿದರೆ ಪುಟ್ಟ ಗೋಡೆ ಕಪ್ಪಗೆ ಕಾಣುತ್ತದೆ. ಎಲ್ಲ ಬಣ್ಣಕ್ಕೂ ಸ್ವಲ್ಪ ತಿಳಿ ಕಂದು ಬೆರೆಸಿಬಿಡುತ್ತೇನೆ.

ಇಷ್ಟು ಮಾಡಿದ ಮೇಲೂ ಅದು ಗೋಡೆ ಅನಿಸುವುದಿಲ್ಲ. ಗೋಡೆ ಅನಿಸುವುದು ಗಾರೆ ಬಿದ್ದ ಮೇಲೆ. ಇಟ್ಟಿಗೆಗೆ ಗಂಟೆಗಟ್ಟಲೆ ಕೂತು ಸಂದನ್ನು ಐದು ನಿಮಿಷದಲ್ಲಿ ಮುಗಿಸುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಗೋಡೆಯ ವಯಸ್ಸು ಗೊತ್ತಾಗುವುದು ಸಂದಿನಿಂದ ಅಲ್ವಾ? ಮಣ್ಣಿನ ಗಾರೆ ಕಂದು. ಸುಣ್ಣದ ಗಾರೆ ಕೆನೆ ಬಿಳಿ, ನಡುವೆ ಬಿಳಿ ಹರಳು. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ನಸುಗುಲಾಬಿ. ಸಿಮೆಂಟ್ ಬೂದು. ಹಳೇ ಕನ್ಸರ್ವೆನ್ಸಿ ಗೋಡೆಗೆ ಬೂದು ಸಂದು ಹಾಕಿದರೆ ಮುಗೀತು, ಅದು ಮೊನ್ನೆ ಕಟ್ಟಿದ ಗೋಡೆ.

ನಾನು ಮೊದಲು ಇಡೀ ಗೋಡೆಗೆ ಮ್ಯಾಟ್ ವಾರ್ನಿಶ್ ಕೊಡುತ್ತೇನೆ. ಕೊಡದಿದ್ದರೆ ಬಿಳಿ ಪುಡಿ ಇಟ್ಟಿಗೆಯ ಮೈಗೂ ಹತ್ತಿ ಕೂರುತ್ತದೆ. ಆಮೇಲೆ ಸೀಮೆಸುಣ್ಣ ನುಣ್ಣಗೆ ಅರೆದು, ಹಳದಿ ಓಕರ್ ಪುಡಿ ಚಿಟಿಕೆ, ಕಂದು ಪುಡಿ ಚಿಟಿಕೆ ಸೇರಿಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದು ಒಣಪುಡಿಯನ್ನೇ ಬೆರಳಲ್ಲಿ ಸಂದಿಗೆ ತುಂಬುತ್ತೇನೆ. ಮೇಲೆ ಉಳಿದದ್ದನ್ನು ಅಂಗೈಯಿಂದ ಓರೆಯಾಗಿ ಒರೆಸಬೇಕು. ಸಾಲಿನ ದಿಕ್ಕಿನಲ್ಲೇ ಒರೆಸಿದರೆ ಪುಡಿ ಸಂದಿನಿಂದ ಎದ್ದು ಬರುತ್ತದೆ. ಕೊನೆಗೆ ನೀರಿಗೆ ಸ್ವಲ್ಪ ಫೆವಿಕಾಲ್, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಸ್ಪ್ರೇ ಬಾಟಲಿಯಲ್ಲಿ ದೂರದಿಂದ ಹನಿಸುತ್ತೇನೆ. ಲಿಕ್ವಿಡ್ ಇಲ್ಲದಿದ್ದರೆ ನೀರು ಮಣಿಮಣಿಯಾಗಿ ಪುಡಿಯ ಮೇಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ.

ಉದುರಿದ ಪ್ಲಾಸ್ಟರ್ ತೋರಿಸುವುದು ನನಗೆ ಬಲು ಇಷ್ಟದ ಕೆಲಸ. ನಿಜದ ಪ್ಲಾಸ್ಟರ್ ದಪ್ಪ ಅರ್ಧ ಇಂಚು. ಈ ಅಳತೆಯಲ್ಲಿ ಅದು ಅರ್ಧ ಮಿಲಿಮೀಟರ್‌ಗಿಂತ ಕಡಿಮೆ, ಮದುವೆ ಪತ್ರಿಕೆಯ ಕಾಗದದಷ್ಟು. ಎರಡು ಮಿಲಿಮೀಟರ್ ಪುಟ್ಟಿ ಮೆತ್ತಿ ಉದುರಿದ ಪ್ಲಾಸ್ಟರ್ ಅಂದರೆ ಯಾರು ನಂಬುತ್ತಾರೆ? ಅದು ಏಳು ಸೆಂಟಿಮೀಟರ್ ದಪ್ಪದ ಪ್ಲಾಸ್ಟರ್ ಆಯಿತು, ಒಂದು ಇಟ್ಟಿಗೆಯ ದಪ್ಪ. ತೆಳುವಾಗಿ ಬಳಿದು, ಒಣಗುವ ಮುಂಚೆ ಅಂಚನ್ನು ಕಟ್ಟರ್‌ನಿಂದ ಎಬ್ಬಿಸುತ್ತೇನೆ. ಮೇಲೆ ನೀಲಿ ಬೆರೆಸಿದ ಸುಣ್ಣದ ಬಣ್ಣ, ಅದರ ಕೆಳಗೆ ಅಲ್ಲಲ್ಲಿ ಇಣುಕುವ ಹಳೇ ಹಳದಿ. ಪ್ಲಾಸ್ಟರ್ ಈಚೆಗೆ ಬಿದ್ದ ಕಡೆ ಇಟ್ಟಿಗೆ ಇನ್ನೂ ಚೊಕ್ಕಟ, ಮೇಲೆ ಸುಣ್ಣದ ಕಲೆ. ಎಂದೋ ಬಿದ್ದ ಕಡೆ ಮಸುಕು.

ಆಮೇಲೆ ನೀರು. ಕೊಳೆ ಎಲ್ಲಿ ಇರಬೇಕು ಅನ್ನುವುದನ್ನು ನೀರೇ ಹೇಳುತ್ತದೆ. ಸುಮ್ನೆ ಎಲ್ಲ ಕಡೆ ಕಂದು ವಾಶ್, ಅಂದರೆ ನೀರಾದ ಬಣ್ಣ, ಸುರಿದರೆ ಗೋಡೆ ಕೊಳಕಾಗುತ್ತದೆ, ಹಳೇದಾಗುವುದಿಲ್ಲ. ಮಳೆ ನೀರು ಗೋಡೆಯ ತಲೆಯಿಂದ ಇಳಿಯುತ್ತದೆ. ಅಲ್ಲಿ ಪಾಚಿ. ನಮ್ಮ ಕಡೆ ಅದು ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಪ್ಪು. ಹಾಗಾಗಿ ಮೊದಲೇ ತಿಂಗಳು ನಿಶ್ಚಯಿಸಿಕೊಳ್ಳಬೇಕು. ನಾನು ಆರಿಸಿದ್ದು ಶಿವರಾತ್ರಿ ಹೊತ್ತು. ತಲೆಯಿಂದ ಕೆಳಕ್ಕೆ ಕಪ್ಪು ಗೆರೆಗಳು, ಮೇಲೆ ದಟ್ಟ, ಕೆಳಗೆ ಬರುತ್ತಾ ಮಾಯ. ನೀರು ಮಜ್ಜಿಗೆಯಷ್ಟು ತೆಳುವಾದ ಬಣ್ಣದಲ್ಲಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು.

ನೆಲದಿಂದ ಏರುವ ತೇವ ಬೇರೆ. ಅದು ಎರಡು ಮೂರು ಅಡಿಯವರೆಗೆ ಹತ್ತಿ, ಆರುವಾಗ ತಾನು ತಂದ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟು ಹೋಗುತ್ತದೆ. ಆದ್ದರಿಂದ ಬಿಳಿ ಪಟ್ಟಿ ಇರಬೇಕಾದ್ದು ತೇವ ನಿಂತ ಗೆರೆಯ ಮೇಲೆ. ಬುಡದಲ್ಲಿ ಕಡು ಬಣ್ಣ, ಎರಡು ಸೆಂಟಿಮೀಟರ್ ಮೇಲೆ ಬಿಳಿಯ ಅಂಕುಡೊಂಕು, ಅದರ ಮೇಲೆ ಒಣ ಇಟ್ಟಿಗೆ. ಉಪ್ಪಿಗೂ ಸೀಮೆಸುಣ್ಣದ ಪುಡಿಯೇ. ಆದರೆ ಪುಡಿ ಹಾಕಿದ ಮೇಲೆ ವಾರ್ನಿಶ್ ಹೊಡೆದರೆ ಬಿಳಿ ಮುಕ್ಕಾಲು ಪಾಲು ಕಾಣೆಯಾಗುತ್ತದೆ. ಎಲ್ಲ ವಾರ್ನಿಶ್ ಮುಗಿದ ಮೇಲೆ ಉಪ್ಪು ಹಚ್ಚಿ, ಹಾಗೇ ಬಿಟ್ಟುಬಿಡುತ್ತೇನೆ. ಬುಡದಲ್ಲಿ ಮಳೆ ಹನಿ ಎರಚಿದ ಕೆಸರಿಗೆ ಕೆಮ್ಮಣ್ಣು. ಅದು ನಿಜವಾದ ಮಣ್ಣೇ ಆದ್ದರಿಂದ ಬಣ್ಣ ಕಲೆಸುವ ತಲೆನೋವಿಲ್ಲ.

ಓಣಿಯ ಮೂಲೆಯಲ್ಲಿ ತೇವ ಸೊಂಟದ ಎತ್ತರದಿಂದ ಕೆಳಗೆ ಇಳಿದಿರುತ್ತದೆ. ಅದಕ್ಕೆ ಕಾರಣ ಮಳೆ ಅಲ್ಲ ಅಂತ ನಿಮಗೆ ಗೊತ್ತು. ಅಲ್ಲೇ ದೇವರ ಚಿತ್ರದ ಟೈಲ್ಸ್ ಅಂಟಿಸಿರುತ್ತಾರೆ. ಫೋಟೋ ಕಾಗದದಲ್ಲಿ ಐದು ಮಿಲಿಮೀಟರ್ ಚೌಕದ ಪ್ರಿಂಟ್ ತೆಗೆದು ನಾನೂ ಮೂರು ಅಂಟಿಸಿದೆ. ನೋಡಿದವರೆಲ್ಲ ಇಟ್ಟಿಗೆ ಬಿಟ್ಟು ಅದನ್ನೇ ಹೊಗಳುತ್ತಾರೆ, ಏನು ಮಾಡೋದು.

ನಲ್ಲಿಯ ಹತ್ತಿರ ಒಂದು ಸಿಮೆಂಟ್ ತೇಪೆ ಮಾಡಿದೆ. ಮೆತ್ತನೆಯ ಹಳೇ ಇಟ್ಟಿಗೆಯ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದರೆ ತೇವಕ್ಕೆ ಸಂದಿನಿಂದ ಹೊರಬರಲು ಆಗುವುದಿಲ್ಲ, ಇಟ್ಟಿಗೆಯ ಮೂಲಕವೇ ಬರುತ್ತದೆ. ಕೆಲವು ವರ್ಷದಲ್ಲಿ ಇಟ್ಟಿಗೆ ಪುಡಿಪುಡಿಯಾಗಿ ಒಳಗೆ ಸರಿದು, ಬೂದು ಸಂದು ಮಾತ್ರ ಜಾಲರಿಯ ಹಾಗೆ ಮುಂದೆ ನಿಲ್ಲುತ್ತದೆ. ಇದನ್ನು ಗೀರುವಾಗಲೇ ಯೋಚಿಸಿರಬೇಕು. ಆ ಜಾಗದಲ್ಲಿ ಸಂದು ಗೀರದೆ, ಇಟ್ಟಿಗೆ ಮುಖವನ್ನೇ ಒಂದೊಂದಾಗಿ ಒಳಕ್ಕೆ ಒತ್ತಿದ್ದೆ.

ಗೋಡೆಯ ತಲೆಯ ಮೇಲೆ ಗಾಜಿನ ಚೂರು ಇರಲೇಬೇಕು. ಮಾತ್ರೆ ಪಟ್ಟಿಯ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಹಸಿರು, ಕಂದು ಗ್ಲಾಸ್ ಪೇಂಟ್ ಹಚ್ಚಿ, ಒಣಗಿದ ಮೇಲೆ ಚೂರು ಚೂರು ಕತ್ತರಿಸಿ, ಹಸಿ ಪುಟ್ಟಿಯಲ್ಲಿ ಚುಚ್ಚುತ್ತೇನೆ. ಇದಕ್ಕೂ ಮ್ಯಾಟ್ ವಾರ್ನಿಶ್ ಮುಗಿದಿರಬೇಕು, ಇಲ್ಲದಿದ್ದರೆ ಗಾಜು ಕಲ್ಲಾಗುತ್ತದೆ. ನಲ್ಲಿಯ ಕೆಳಗಿನ ಒದ್ದೆ ಕಲೆಗೆ ಹೊಳಪಿನ ವಾರ್ನಿಶ್ಶನ್ನೂ ಆಗಲೇ ಕೊಡುತ್ತೇನೆ, ಅದೂ ಅಂಚಿಗೆ ಬರುತ್ತಾ ನೀರು ಬೆರೆಸಿ ತೆಳು ಮಾಡಿ.